ಬೈಕ್ ‘ನಿಯಂತ್ರಣ ತಪ್ಪಿ’ ಅಂದ್ರೆ ಏನ್ರೀ?

ಸುದ್ದಿಮನೆಯಲ್ಲಿ ಕೆಲವು ಪದಗಳು ಅಚ್ಚಿನಲ್ಲಿ ಹುಯ್ದಿಟ್ಟ ಹಾಗೆ ಸಿದ್ಧವಾಗಿ ಇರ್ತವೆ. ಕೈ ಹಾಕಿದ್ರೆ ಸಾಕು, ಸಿಗ್ತವೆ. ‘ಮುಗಿಲು ಮುಟ್ಟಿದ ಆಕ್ರಂದನ’. ‘ಸ್ಥಳಕ್ಕೆ ಪೊಲೀಸರ ಭೇಟಿ, ಪರಿಶೀಲನೆ’. ಅದೇ ಡಬ್ಬಿಯಲ್ಲಿರೋ ಇನ್ನೊಂದು ಪದ: ‘ಬೈಕ್ ನಿಯಂತ್ರಣ ತಪ್ಪಿ’. ಯಾವ ಚಾನೆಲ್ಲಾದರೂ ಹಾಕಿ, ಯಾವ ಪತ್ರಿಕೆಯ ಜಿಲ್ಲಾ ಪುಟವಾದರೂ ತೆಗೀರಿ. ಬೈಕ್ ನಿಯಂತ್ರಣ ತಪ್ಪಿ ಸವಾರ ಸಾವು. ಬೈಕ್ ನಿಯಂತ್ರಣ ತಪ್ಪಿ ಕಂದಕಕ್ಕೆ. ಬೈಕ್ ನಿಯಂತ್ರಣ ತಪ್ಪಿ ಟ್ರ್ಯಾಕ್ಟರ್‌ಗೆ ಡಿಕ್ಕಿ.

ಆ ವಾಕ್ಯವನ್ನ ಒಂದ್ಸಲ ಕನ್ನಡ ಮೇಷ್ಟ್ರ ಹಾಗೆ ಬಿಡಿಸಿ ನೋಡಿ. ಕರ್ತೃ ಯಾರು? ಬೈಕು. ನಿಯಂತ್ರಣ ತಪ್ಪಿದ್ದು ಯಾರಿಗೆ? ಬೈಕಿಗೆ. ಸವಾರ ಎಲ್ಲಿ? ವಾಕ್ಯದ ಕೊನೆಯಲ್ಲಿ ಬಂದು ಸಾಯ್ತಾನೆ, ಅಷ್ಟೇ. ಆಮೇಲೆ ಮನೆಗೆ ಮಾತಾಡಿಸೋಕೆ ಬಂದವರು ಹೇಳೋದೂ ಒಂದೇ ಪದ: ‘ಏನ್ ಮಾಡೋದ್ರೀ, ಅವನ ಕರ್ಮ’. ಕಬ್ಬಿಣದ ಗಾಡಿ ಕರ್ತೃ, ಇಪ್ಪತ್ತೆರಡು ವರ್ಷದ ಹುಡುಗ ಕರ್ಮ! ಇಲ್ಲಿಗೆ ಪ್ರಕರಣ ಮುಗೀತು.

ಮುಗೀತಾ? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ತೆಗೆದು ನೋಡಿ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು ಐವತ್ತು ಸಾವಿರಕ್ಕೂ ಮೇಲು. ಅದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕೂತವರು. 2021ರ ಜೂನ್‌ನಲ್ಲಿ ನಾವು ಸಂಚಾರಿ ವಿಜಯ್ ಅವರನ್ನ ಕಳೆದುಕೊಂಡಾಗಲೂ ಅವರು ಬೈಕಿನ ಹಿಂದೆ ಕೂತಿದ್ದರು, ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಹೆಲ್ಮೆಟ್ ಬಗ್ಗೆ ನಾನು ಇವತ್ತು ಇಷ್ಟೇ ಹೇಳ್ತೀನಿ. ಅದು ಬಿದ್ದ ಮೇಲಿನ ಮಾತು. ನಾನು ಮಾತಾಡಬೇಕು ಅಂದುಕೊಂಡಿರೋದು ಬೀಳೋದಕ್ಕೆ ಮುಂಚಿನ ಎರಡು ಸೆಕೆಂಡಿನ ಬಗ್ಗೆ.

ನಿಮಗೊಂದು ಪ್ರಶ್ನೆ. ಬೈಕ್ ಓಡಿಸೋದನ್ನ ನಿಮಗೆ ಯಾರು ಕಲಿಸಿದ್ರು?

ಮಾಮ ಕಲಿಸಿದ. ಅಣ್ಣನ ಗೆಳೆಯ ಕಲಿಸಿದ. ಶಾಲೆ ಮೈದಾನದಲ್ಲಿ ಒಂದು ಸಂಜೆ. ‘ಇದು ಕ್ಲಚ್ಚು, ಇದು ಗೇರು, ನಿಧಾನಕ್ಕೆ ಬಿಡು, ಹಾಂ... ಬಂತು ನೋಡು’ ಅಲ್ಲಿಗೆ ವಿದ್ಯಾಭ್ಯಾಸ ಪೂರ್ತಿ. ಆಮೇಲೆ ಆರ್‌ಟಿಒ ಮುಂದೆ ಎಂಟರ ಆಕಾರದಲ್ಲಿ ಕಾಲು ಊರದೆ ಒಂದು ಸುತ್ತು. ಕೈಗೆ ಕಾರ್ಡು. ಆ ಕಾರ್ಡು ಹಿಡಿದು ನಾವು ನಲವತ್ತು ವರ್ಷ ಓಡಿಸ್ತೀವಿ. ಇಪ್ಪತ್ತು ನಿಮಿಷ ಕಲಿತದ್ದರ ಮೇಲೆ ನಲವತ್ತು ವರ್ಷ! ಯಾವ ಕಸುಬಿನಲ್ಲಿ ಇದು ನಡೆಯತ್ತೆ ಹೇಳಿ? ಎರಡು ದಿನ ಸೈಜುಗಲ್ಲು ಕೆತ್ತಿದವನನ್ನ ಯಾರಾದರೂ ಗೌಂಡಿ ಅಂತಾರಾ?

ಇದು ನಮ್ಮೂರಿನ ರೋಗ ಮಾತ್ರ ಅಂತ ತಿಳ್ಕೋಬೇಡಿ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅಂತ ಒಬ್ಬ ಸಂಶೋಧಕರಿದ್ದರು, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಚಕ್ರದ ಗುರುತು, ಗಾಜಿನ ಚೂರು, ಹೆಲ್ಮೆಟ್ಟಿನ ಒಡಕು ಎಲ್ಲವನ್ನೂ ಅಳೆದು, 3600 ಪೊಲೀಸ್ ವರದಿಗಳನ್ನ ಜೊತೆಗಿಟ್ಟು 1981ರಲ್ಲಿ ಒಂದು ವರದಿ ಕೊಟ್ಟಿತು. ಇವತ್ತಿಗೂ ಆ ವಿಷಯದಲ್ಲಿ ಅದನ್ನ ಬಿಟ್ಟು ಮಾತಾಡೋಕಾಗಲ್ಲ. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ನೂರಕ್ಕೆ 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಮೆರಿಕಕ್ಕೂ ಮಾಮನೇ ಗುರು!

ಆ ವರದಿಯಲ್ಲಿ ಇನ್ನೊಂದು ಮಾತಿದೆ. ಅಪಾಯ ಕಣ್ಣಿಗೆ ಬಿದ್ದಾಗಿನಿಂದ ಡಿಕ್ಕಿಯಾಗೋವರೆಗೆ ಸಾಮಾನ್ಯವಾಗಿ ಸಿಕ್ಕಿದ್ದು ಎರಡು ಸೆಕೆಂಡಿಗೂ ಕಡಿಮೆ. ಆ ಹೊತ್ತಿನಲ್ಲಿ ಸವಾರ ಮಾಡಿದ್ದೇನು? ಹಿಂದಿನ ಬ್ರೇಕ್ ಜೋರಾಗಿ ತುಳಿದ. ಹಿಂದಿನ ಗಾಲಿ ಸಿಕ್ಕಿಬಿದ್ದು ಜಾರಿತು. ಮುಂದಿನ ಬ್ರೇಕನ್ನ ಸರಿಯಾಗಿ ಹಿಡೀಲೇ ಇಲ್ಲ. ಗಾಡಿಯನ್ನ ಪಕ್ಕಕ್ಕೆ ತಿರುಗಿಸಿ ಪಾರಾಗೋದಂತೂ ಹೆಚ್ಚುಕಡಿಮೆ ಯಾರಿಗೂ ಬರ್ತಿರಲಿಲ್ಲ. ನಾವು ‘ನಿಯಂತ್ರಣ ತಪ್ಪಿ’ ಅನ್ನೋದರ ಒಳಗಿನ ಚಿತ್ರ ಇದು. ಬೈಕಿಗೆ ಏನೂ ತಪ್ಪಿಲ್ಲ. ಹೇಳಿದ್ದನ್ನ ಮಾಡ್ತು.

ಈಗ ಹೆಬ್ಬಳ್ಳಿಗೆ ಬರ್ತೀನಿ. ಹುಬ್ಬಳ್ಳಿ ಅಲ್ಲ, ಹೆಬ್ಬಳ್ಳಿ. ಪ್ರತಿಸಲ ಇದನ್ನ ಬಿಡಿಸಿ ಹೇಳಬೇಕು, ಬೆಂಗಳೂರಿನ ಡೆಸ್ಕ್ ಹುಡುಗರು ಕಾಗುಣಿತ ತಪ್ಪು ಅಂತ ತಿದ್ದಿಬಿಡ್ತಾರೆ. ಧಾರವಾಡದ ಹೆಬ್ಬಳ್ಳಿ ಅಗಸಿ ದಾಟಿ ಹೊರಟರೆ ಹತ್ತು–ಹನ್ನೆರಡು ಕಿಲೋಮೀಟರ್. ಎರಡೂ ಕಡೆ ಎರಿ ಹೊಲ. ಆ ರಸ್ತೆಯಲ್ಲಿ ದಿನಾ ಬೆಳಗ್ಗೆ ಕತ್ತಲಿದ್ದಾಗಲೇ ಬೈಕುಗಳು ಹೊರಡ್ತವೆ. ಹಾಲಿನವರು, ಕಾಯಿಪಲ್ಲೆಯವರು, ಗೌಂಡಿ ಕೆಲಸಕ್ಕೆ ಹೋಗೋರು, ಕಾಲೇಜಿನ ಹುಡುಗರು. ಯಾರಿಗೂ ಬೈಕು ಶೋಕಿ ಅಲ್ಲ. ಅದು ಎತ್ತು.

ಆ ಊರಿನ ಒಬ್ಬ ಹಾಲಿನ ಹುಡುಗನ ಪರಿಚಯ ನನಗೆ ಇದೆ. ಬಿಎ ಮುಗಿಸಿದ್ದಾನೆ. ನೂರು ಸಿಸಿ ಬೈಕು, ಎರಡೂ ಬದಿಗೆ ಕ್ಯಾನು. ಹೆಸರು ಹಾಕಬೇಡ್ರಿ ಅಂತ ಹೇಳಿದ್ದಾನೆ, ಹಾಕಲ್ಲ. ಧಾರವಾಡದಲ್ಲಿ ಎಂಜಿನಿಯರಿಂಗ್ ಓದ್ತಿದ್ದ ಅವನ ಚಿಕ್ಕಪ್ಪನ ಮಗ ಒಂದು ಇಂಗ್ಲಿಷ್ ಪುಸ್ತಕ ಮನೆಯಲ್ಲಿ ಬಿಟ್ಟು ಹೋಗಿದ್ದ. ಡೇವಿಡ್ ಹಾಫ್ ಅನ್ನೋರು ಬರೆದ ‘ಪ್ರೊಫಿಷಿಯಂಟ್ ಮೋಟಾರ್‌ಸೈಕ್ಲಿಂಗ್’, 2000ದಲ್ಲಿ ಬಂದ ಪುಸ್ತಕ. ಇವನು ಡಿಕ್ಷನರಿ ಇಟ್ಟುಕೊಂಡು ಮೂರು ತಿಂಗಳು ಓದಿದ. ಹಾಫ್ ರೇಸಿನವರಲ್ಲ, ನೋಡಿ. ಸಿಯಾಟಲ್‌ನಲ್ಲಿ ಬೋಯಿಂಗ್ ಕಂಪನಿಯ ಕೆಲಸಕ್ಕೆ ಬೈಕಿನಲ್ಲಿ ಹೋಗಿ ಬರ್ತಿದ್ದ ಮನುಷ್ಯ. ಮಳೆಯೂರು ಅದು. ಒದ್ದೆ ರಸ್ತೆ, ಕೆಲಸದ ಗಡಿಬಿಡಿ, ಎದುರಿಗೆ ಕಾರಿನವರು. ಹೆಬ್ಬಳ್ಳಿಯ ಹಾಲಿನವನಿಗೂ ಬೋಯಿಂಗಿನ ನೌಕರನಿಗೂ ಮಾತು ಕೂಡಿಬಂದದ್ದು ಅಲ್ಲಿ.

ಆ ಹುಡುಗ ನನಗೆ ಹೇಳಿದ ಒಂದು ಮಾತು ಕೇಳಿ: ‘ಸರ, ಪುಸ್ತಕದಾಗ ಬ್ರೇಕ್ ಮೆತ್ತಗ ಹಿಡದು ಆಮ್ಯಾಲೆ ಬಿಗಿ ಮಾಡ್ರಿ ಅಂತ ಬರದಾರ್ರಿ. ಅದು ಹ್ಯಾಂಗ ಅಂತ ನನಗ ತಿಳೀಲಿಲ್ಲ. ಕಡೀಕ ಹಾಲು ಕಲಿಸ್ತು. ಕ್ಯಾನ್ ತುಂಬಿದ್ರ ಹಾಲು ಅಷ್ಟ ಅಲಗಾಡೂದಿಲ್ರಿ. ಅರ್ಧ ಆತಂದ್ರ ಸುರು ಆಗತೈತಿ ಆಟ. ಒಮ್ಮಿಗ್ಲೇ ಬ್ರೇಕ್ ಒತ್ತಿದ್ರ ಹಾಲು ಮುಂದ ಬಡೀತೈತಿ, ಗಾಡಿ ಕುತ್ತಿಗಿ ಅಲಗತೈತಿ. ಹಾಲು ಸಪ್ಪಳ ಮಾಡ್ಲಿಲ್ಲಂದ್ರ ನಾ ಛಲೋ ಹೊಡದೀನಿ ಅಂತ ಲೆಕ್ಕ.’

ಎಷ್ಟು ಸರಳ ನೋಡಿ! ಲಕ್ಷಾಂತರ ರೂಪಾಯಿಯ ಬೈಕುಗಳಲ್ಲಿ ಸೆನ್ಸರ್ ಕೂರಿಸಿ ಅಳೆಯೋದನ್ನ ಇವನು ಅರ್ಧ ಕ್ಯಾನ್ ಎಮ್ಮೆ ಹಾಲಿನಲ್ಲಿ ಅಳೀತಿದ್ದಾನೆ. ಪುಸ್ತಕ ಪ್ರಶ್ನೆ ಕೊಟ್ಟಿತು, ಉತ್ತರ ಕ್ಯಾನಿನಲ್ಲಿ ಸಿಕ್ಕಿತು. ಹಾಲು ಧಾರವಾಡಕ್ಕೆ ಹೋಗಿ ಪೇಢೆಯಾಗತ್ತೆ, ಅದು ಬೇರೆ ಮಾತು.

ಈ ಬ್ರೇಕಿನ ವಿಷಯದಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ನಮ್ಮ ಕಡೆ ಅತಿ ಹೆಚ್ಚು ಜನರನ್ನ ಕೆಡವಿರೋ ಉಪದೇಶ ಇಲ್ಲೇ ಇದೆ. ‘ತಮ್ಮಾ, ಮುಂದಿನ ಬ್ರೇಕ್ ಮುಟ್ಟಬ್ಯಾಡ, ಮುಗ್ಗರಿಸ್ತೀಯ.’ ಪ್ರತಿಯೊಬ್ಬ ಮಾಮನೂ ಇದನ್ನ ಹೇಳಿರ್ತಾನೆ. ಪ್ರೀತಿಯಿಂದಲೇ ಹೇಳಿರ್ತಾನೆ. ಆದರೆ ವಿಷಯ ಉಲ್ಟಾ. ಗಾಡಿ ನಿಧಾನ ಆಗ್ತಿದ್ದ ಹಾಗೆ ಭಾರವೆಲ್ಲ ಮುಂದಕ್ಕೆ ಬರತ್ತೆ. ಬಸ್ ಬ್ರೇಕ್ ಹಾಕಿದಾಗ ನಿಂತವರೆಲ್ಲ ಡ್ರೈವರ್ ಕಡೆ ವಾಲಲ್ವಾ, ಹಾಗೆ. ಮುಂದಿನ ಗಾಲಿ ನೆಲವನ್ನ ಒತ್ತಿ ಹಿಡಿಯತ್ತೆ, ಹಿಂದಿನದು ಹಗುರಾಗತ್ತೆ. ಹಗುರಾದ ಗಾಲಿಗೆ ಬ್ರೇಕ್ ಹಾಕಿದ್ರೆ ಅದು ಜಾರತ್ತೆ, ನಿಲ್ಲಿಸಲ್ಲ. ಒಣ ಡಾಂಬರಿನ ಮೇಲೆ ನಿಲ್ಲಿಸೋ ಶಕ್ತಿಯ ಮುಕ್ಕಾಲು ಪಾಲು ಮುಂದಿನ ಬ್ರೇಕಿನದು.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಬಂತು ಅಂತ ತಲೆಗೆ ಹೊಳೆದು ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಇಟ್ಟುಕೊಳ್ಳಿ. 17 ಮೀಟರ್ ಅಲ್ಲಿಗೇ ಹೋಯ್ತು, ಇನ್ನೂ ಬ್ರೇಕ್ ಮುಟ್ಟೇ ಇಲ್ಲ. ಆಮೇಲೆ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ 20–25 ಮೀಟರಿನಲ್ಲಿ ನಿಲ್ತೀರಿ. ಹಿಂದಿನದೊಂದನ್ನೇ ತುಳಿದರೆ ಅದರ ಸರಿಸುಮಾರು ಎರಡರಷ್ಟು ಬೇಕು. ಆ ಹೆಚ್ಚಿನ ಇಪ್ಪತ್ತು ಮೀಟರಿನೊಳಗೆ ಎತ್ತಿನ ಬಂಡಿ ಇರತ್ತೋ, ಶಾಲೆ ಮಗು ಇರತ್ತೋ, ಹೇಳೋಕಾಗಲ್ಲ.

ಹಾಗಂತ ನಾಳೆ ಬೆಳಗ್ಗೆ ಹೋಗಿ ಮುಂದಿನ ಬ್ರೇಕನ್ನ ಗಕ್ಕನೆ ಹಿಡಿದ್ರೆ ಮಾಮನ ಮಾತೇ ನಿಜ ಆಗತ್ತೆ. ಮೊದಲು ಹಗುರಾಗಿ ಹಿಡಿದು, ಭಾರ ಮುಂದಕ್ಕೆ ಬಂದ ಮೇಲೆ ಬಿಗಿ ಮಾಡ್ತಾ ಹೋಗಬೇಕು. ನಿಂಬೆಹಣ್ಣು ಹಿಂಡ್ತೀರಲ್ಲ, ಹಾಗೆ. ಗುದ್ದೋದಲ್ಲ, ಹಿಂಡೋದು. ತಿರುವಿನಲ್ಲಿ ವಾಲಿದ್ದಾಗ, ಮರಳಿನ ಮೇಲೆ, ರಾಡಿಯ ಮೇಲೆ ಅದೂ ಬೇಡ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಗಿದೆ, ನಿಜ. ಆದರೆ ಹೆಬ್ಬಳ್ಳಿ ರಸ್ತೆಯಲ್ಲಿ ಓಡೋ ಗಾಡಿಗಳು ಯಾವ ಕಾಲದವು ಅಂತ ಒಂದು ಬೆಳಗ್ಗೆ ನಿಂತು ನೋಡಿ.

ಇನ್ನು ತಿರುಗಿಸೋ ವಿಷಯ. ಇದು ಕೇಳಿದ್ರೆ ನಗ್ತೀರಿ. ಓಡ್ತಿರೋ ಬೈಕನ್ನ ಬಲಕ್ಕೆ ತಿರುಗಿಸಬೇಕಾದ್ರೆ ಹ್ಯಾಂಡಲ್ಲಿನ ಬಲಗಡೆಯನ್ನ ಮುಂದಕ್ಕೆ ಒತ್ತಬೇಕು. ಅಂದ್ರೆ ಗಾಲಿ ಕ್ಷಣಕಾಲ ಎಡಕ್ಕೆ ಹೋಗತ್ತೆ. ಗಾಡಿ ಬಲಕ್ಕೆ ವಾಲತ್ತೆ, ಬಲಕ್ಕೆ ಹೋಗತ್ತೆ. ‘ಏ ಸುಳ್ಳು, ನಾನು ಬಲಕ್ಕೆ ಎಳೀತೀನಿ, ಬಲಕ್ಕೆ ಹೋಗತ್ತೆ’ ಅಂತೀರಿ. ನಿಮ್ಮದೇನೂ ತಪ್ಪಿಲ್ಲ. ವಿಮಾನ ಕಂಡುಹಿಡಿದ ರೈಟ್ ಸಹೋದರರು ಮೂಲತಃ ಸೈಕಲ್ ಅಂಗಡಿಯವರು. ವಿಲ್ಬರ್ ರೈಟ್ ಹತ್ತಾರು ಜನ ಸೈಕಲ್ ಸವಾರರನ್ನ ‘ಎಡಕ್ಕೆ ಹೇಗೆ ತಿರುಗಿಸ್ತೀರಿ?’ ಅಂತ ಕೇಳಿದರಂತೆ. ಒಬ್ಬರೂ ಮೊದಲ ಸಲಕ್ಕೆ ಸರಿಯಾಗಿ ಹೇಳಲಿಲ್ಲ. ಎಲ್ಲರೂ ಮಾಡ್ತಿದ್ದರು, ಮಾಡ್ತಿರೋದೇನು ಅಂತ ಗೊತ್ತಿರಲಿಲ್ಲ.

‘ಗೊತ್ತಿಲ್ಲದಿದ್ರೇನು, ಗಾಡಿ ತಿರುಗ್ತದಲ್ಲ’ ಅನ್ನಬಹುದು. ದಿನನಿತ್ಯ ತಿರುಗ್ತದೆ. ಆದರೆ ಗುಂಡಿ ಧುತ್ತಂತ ಎದುರಾದಾಗ, ಗಾಬರಿಯಲ್ಲಿ ತಲೆ ಹೇಳತ್ತೆ ‘ಬಲಕ್ಕೆ ಎಳಿ’. ಬಲಕ್ಕೆ ಎಳೆದ್ರೆ ಗಾಡಿ ಎಡಕ್ಕೆ, ನೇರ ಗುಂಡಿ ಕಡೆಗೇ ವಾಲತ್ತೆ. ಅದಕ್ಕೆ ಸರಿಯಾಗಿ ಕಣ್ಣೂ ಗುಂಡಿಯಲ್ಲೇ ನೆಟ್ಟಿರತ್ತೆ. ಕಣ್ಣು ಎಲ್ಲಿ ನೆಟ್ಟಿರತ್ತೋ ಗಾಡಿ ಅಲ್ಲಿಗೇ ಹೋಗತ್ತೆ. ಇಷ್ಟಗಲ ರಸ್ತೆಯಲ್ಲಿ ಒಂದೇ ಒಂದು ಗುಂಡಿ ಇದ್ದರೂ ನಮ್ಮ ಹುಡುಗ ಅದರಲ್ಲೇ ಹೋಗಿ ಬೀಳೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಕೀತ್ ಕೋಡ್ ಅನ್ನೋ ಅಮೆರಿಕದ ತರಬೇತುದಾರರು ತಮ್ಮ ‘ಎ ಟ್ವಿಸ್ಟ್ ಆಫ್ ದ ರಿಸ್ಟ್’ ಪುಸ್ತಕದ ಎರಡನೇ ಸಂಪುಟದಲ್ಲಿ ಇಂಥ ಗಾಬರಿಯ ಚಟುವಟಿಕೆಗಳನ್ನ ಒಂದೊಂದಾಗಿ ಹಿಡಿದು ತೋರಿಸ್ತಾರೆ. ಜೀವ ಉಳಿಸಿಕೊಳ್ಳೋಕೆ ಅಂತ ದೇಹ ತಾನಾಗಿ ಮಾಡೋ ಕೆಲಸಗಳೇ ಬೈಕಿನ ಮೇಲೆ ಜೀವ ತೆಗೀತವೆ ಅನ್ನೋದು ಅವರ ವಾದ. 1983ರ ಮೊದಲ ಸಂಪುಟದಲ್ಲಿ ಅವರ ಇನ್ನೊಂದು ಹೋಲಿಕೆ ನನಗೆ ಬಹಳ ಹಿಡಿಸಿತು. ಗಮನ ಅನ್ನೋದು ಜೇಬಿನಲ್ಲಿರೋ ಹತ್ತು ಡಾಲರ್ ಇದ್ದ ಹಾಗೆ. ಗೇರಿಗೆ, ಬ್ರೇಕಿಗೆ ಐದಾರು ಖರ್ಚಾದರೆ ರಸ್ತೆ ನೋಡೋಕೆ ಉಳಿಯೋದು ನಾಲ್ಕೇ. ಕೈಕಾಲಿನ ಕೆಲಸ ರೂಢಿಯಾದಷ್ಟೂ ರಸ್ತೆಗೆ ಹೆಚ್ಚು ಉಳಿಯತ್ತೆ. ಒಂದು ಕೈಯಲ್ಲಿ ಫೋನ್ ಹಿಡಿದವನ ಜೇಬಿನಲ್ಲಿ ಎಷ್ಟು ಉಳಿದಿರತ್ತೆ, ನೀವೇ ಲೆಕ್ಕ ಹಾಕಿ.

ನನಗೆ ಗೊತ್ತು, ಈಗ ಯಾರೋ ಟೀವಿ ಮುಂದೆ ಕೂತು ಹೇಳ್ತಿದ್ದಾರೆ: ‘ಪುಸ್ತಕ ಓದಿ ಈಜು ಬರ್ತದೇನ್ರೀ?’

ಬರಲ್ಲ. ಪುಸ್ತಕ ಓದಿ ಸಂಗೀತವೂ ಬರಲ್ಲ. ಆದರೆ ಈ ಪ್ರಶ್ನೆ ಕೇಳ್ತಿರೋ ಊರು ಯಾವುದು ನೋಡಿ. ಇದು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರ್ತಿದ್ದ ನೆಲ. ಮಲ್ಲಿಕಾರ್ಜುನ ಮನ್ಸೂರರ ನೆಲ. ರಿಯಾಜ್ ಅಂದ್ರೇನು ಅಂತ ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರ್ತದೆ ಅಂತ ಗೊತ್ತಿರೋ ಸ್ವರವನ್ನೇ ಮತ್ತೆ ನಿಧಾನಕ್ಕೆ ಹಾಡಿ, ಎಲ್ಲಿ ಜಾರ್ತು ಅಂತ ತಾನೇ ಕೇಳಿಸಿಕೊಂಡು, ಮತ್ತೆ ಹಾಡೋದು. ಕೇಳಿಸಿಕೊಳ್ಳೋ ಕಿವಿ ಇಲ್ಲದ ರಿಯಾಜ್ ಬರೀ ಗದ್ದಲ. ಇಪ್ಪತ್ತು ವರ್ಷದಿಂದ ಬೈಕ್ ಹೊಡೀತಿದ್ದೀನಿ ಅನ್ನೋರ ಅನುಭವ ಎಷ್ಟೋ ಸಲ ಒಂದೇ ವರ್ಷದ್ದು, ಅದನ್ನೇ ಇಪ್ಪತ್ತು ಸಲ ಮಾಡಿರ್ತಾರೆ. ಪುಸ್ತಕ ಕೊಡೋದು ಆ ಕಿವಿಯನ್ನ. ಏನನ್ನ ಗಮನಿಸಬೇಕು ಅಂತ ಹೇಳತ್ತೆ. ಉಳಿದದ್ದು ನಮ್ಮದು.

ಪೈಲಟ್‌ಗಳು ಇದನ್ನ ಬಹಳ ಹಿಂದೆಯೇ ಕಂಡುಕೊಂಡರು. ಅಮೆರಿಕದಲ್ಲಿ 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸ್ತಿದೆ. ಅಪಘಾತ ಆಗದೆ ತಪ್ಪಿಹೋದ ಘಟನೆಯನ್ನ ಪೈಲಟ್ ತಾನೇ ಬರೆದು ಕಳಿಸಬಹುದು. ಹೆಸರು ಗುಟ್ಟಾಗಿ ಇರತ್ತೆ. ಆಗದೇ ಇದ್ದ ಅಪಘಾತದ ವರದಿ! ಯಾಕೆ? ಆದ ಅಪಘಾತದಿಂದ ಕಲಿಯೋಕೆ ಎಷ್ಟೋ ಸಲ ಆ ಮನುಷ್ಯನೇ ಉಳಿದಿರಲ್ಲ. ನಾವೇನು ಮಾಡ್ತೀವಿ? ಕೂದಲೆಳೆಯಲ್ಲಿ ಪಾರಾದ್ರೆ ದಾರಿಯಲ್ಲಿ ಸಿಕ್ಕ ಗುಡಿಗೆ ಕೈ ಮುಗಿದು, ಎದುರಿನವನಿಗೆ ನಾಲ್ಕು ಮಾತು ಬೈದು, ಮುಂದಕ್ಕೆ ಹೋಗ್ತೀವಿ. ಸಂಜೆಗೆ ಅದು ಕಟ್ಟೆ ಮೇಲಿನ ಕಥೆ. ಕಥೆಯಲ್ಲಿ ನಾವು ಹೀರೋ.

ಹೆಬ್ಬಳ್ಳಿಯ ಹುಡುಗ ಹಾಲಿನ ಲೆಕ್ಕದ ವಹಿಯ ಹಿಂದಿನ ಪುಟಗಳಲ್ಲಿ ಇದನ್ನ ಬರೀತಾನೆ. ಯಾರಿಗೆ ಎಷ್ಟು ಲೀಟರ್ ಅನ್ನೋದು ಮುಂದಿನ ಪುಟಗಳಲ್ಲಿ, ತನಗೆ ಎಲ್ಲಿ ಎದೆ ಧಸಕ್ ಅಂತು ಅನ್ನೋದು ಹಿಂದಿನ ಪುಟಗಳಲ್ಲಿ. ಅವನು ತನಗೆ ತಾನೇ ಹಾಕಿಕೊಂಡ ಒಂದು ಷರತ್ತಿದೆ: ವಾಕ್ಯ ‘ನಾನು’ ಅಂತಲೇ ಸುರು ಆಗಬೇಕು. ‘ನಾಯಿ ಅಡ್ಡ ಬಂತು’ ಅಂತ ಬರೆಯೋ ಹಾಗಿಲ್ಲ. ‘ನಾನು ನಾಯಿ ನೋಡಿದ್ದು ತಡ, ಯಾಕಂದ್ರ ಮುಂದಿನ ಟಂಟಂಗೆ ಬಾಳ ಹತ್ರ ಇದ್ದೆ’ ಅಂತ ಬರೀಬೇಕು. ಒಂದು ಪುಟದಲ್ಲಿ ಕಂಡದ್ದು: ‘ನಾನು ಇವತ್ತು ಸಿಟ್ಟಿನ್ಯಾಗ ಹೊಂಟಿದ್ದೆ. ಹಾಲಿನ ರೊಕ್ಕ ಕೊಟ್ಟಿರಲಿಲ್ಲ ಅವರು. ಗೇರ್ ಎಲ್ಲಾ ಜೋರ.’ ಇಷ್ಟೇ. ಗಾಡಿ ಬಗ್ಗೆ ಅದರಲ್ಲಿ ಏನೂ ಇಲ್ಲ, ಆದರೆ ಗಾಡಿ ಬಗ್ಗೆ ಇರೋದೆಲ್ಲ ಅದರಲ್ಲೇ ಇದೆ. ಸಿಟ್ಟು ಬಲಗೈಗೆ ಇಳಿದು ಆಕ್ಸಿಲರೇಟರ್ ಆಗತ್ತೆ ಅನ್ನೋದನ್ನ ಯಾವ ಆರ್‌ಟಿಒ ಪರೀಕ್ಷೆಯೂ ಕೇಳಲ್ಲ.

ನಾನು ಆ ವಹಿ ತಿರುವಿ ಹಾಕ್ತಾ ಹೋದಾಗ ಇನ್ನೊಂದು ಹೊಳೀತು. ಹಾಫ್ ಅವರ ಪುಸ್ತಕ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಹೆಬ್ಬಳ್ಳಿ ಇಲ್ಲ. ಅಮೆರಿಕದ ಪುಸ್ತಕದಲ್ಲಿ ಅಡ್ಡ ಬರೋದು ಜಿಂಕೆ. ಇಲ್ಲಿ ಎಮ್ಮೆ. ಜಿಂಕೆ ಹಾರಿಹೋಗತ್ತೆ, ಧಾರವಾಡಿ ಎಮ್ಮೆ ರಸ್ತೆ ಮಧ್ಯೆ ನಿಂತು ನಿಮ್ಮನ್ನೇ ನೋಡತ್ತೆ. ಕರಿ ಎಮ್ಮೆ, ಕರಿ ರಸ್ತೆ, ಕರಿ ರಾತ್ರಿ. ಮಳೆಗಾಲದಲ್ಲಿ ಹೊಲದಿಂದ ಹತ್ತಿಬರೋ ಟ್ರ್ಯಾಕ್ಟರ್ ಗಾಲಿಗೆ ಅಂಟಿಕೊಂಡ ಎರಿ ಮಣ್ಣನ್ನ ಡಾಂಬರಿನ ಮೇಲೆ ಉದುರಿಸಿಕೊಂಡು ಹೋಗತ್ತೆ. ಒಂದು ಸಣ್ಣ ಮಳೆ ಹನಿಸಿದ್ರೆ ಮುಗೀತು, ಅದು ಸೋಪು. ದೊಡ್ಡ ಮಳೆಗಿಂತ ಹನಿ ಮಳೆ ಕೆಟ್ಟದ್ದು, ದೊಡ್ಡದಾದ್ರೆ ತೊಳೆದುಹೋಗತ್ತೆ. ಆ ಹುಡುಗ ಯಾವ ಹೊಲದ ದಾರಿ ಎಲ್ಲಿ ರಸ್ತೆಗೆ ಕೂಡತ್ತೆ ಅಂತ ಪಟ್ಟಿ ಮಾಡಿಟ್ಟಿದ್ದಾನೆ. ಅಲ್ಲಿ ಬರೋಕೆ ಮುಂಚೆಯೇ ವೇಗ ಇಳಿಸ್ತಾನೆ, ಅಲ್ಲಿ ಬ್ರೇಕ್ ಮುಟ್ಟಲ್ಲ.

ಸುಗ್ಗಿಯಲ್ಲಿ ಇನ್ನೊಂದು. ಹೆಸರಿನ ಬಳ್ಳಿ ತಂದು ರಸ್ತೆಗೆ ಹರವಿರ್ತಾರೆ, ಗಾಡಿಗಳು ಹಾಯ್ದು ಕಾಳು ಉದುರಲಿ ಅಂತ. ರೈತರಿಗೆ ಕಣ ಮಾಡೋಕೆ ಆಳು ಸಿಗಲ್ಲ, ಅವರ ಕಷ್ಟ ಅವರಿಗೆ. ಆದರೆ ಬೈಕಿನ ಗಾಲಿಗೆ ಆ ಬಳ್ಳಿ, ಅದರ ಕೆಳಗಿನ ಕಾಳು ಎರಡೂ ಶತ್ರು. ಕಾಳಿನ ಮೇಲೆ ಗಾಲಿ ಅಂದ್ರೆ ಗೋಲಿಯ ಮೇಲೆ ಕಾಲಿಟ್ಟ ಹಾಗೆ. ರಾತ್ರಿ ರಾಶಿಯ ಸುತ್ತ ಕಾವಲಿಗೆ ಕಲ್ಲು ಇಟ್ಟಿರ್ತಾರೆ, ಬೆಳಗ್ಗೆ ರಾಶಿ ಹೋಗಿರತ್ತೆ, ಕಲ್ಲು ಅಲ್ಲೇ ಇರತ್ತೆ. ಕಬ್ಬಿನ ಟ್ರೇಲರ್ ಹಿಂದೆ ದೀಪ ಇರಲ್ಲ. ಬಣ್ಣ ಬಳಿಯದ ಹಂಪುಗಳು ಬೇರೆ, ರಾತ್ರೋರಾತ್ರಿ ಹುಟ್ಟಿಕೊಳ್ಳೋವು. ಇನ್ನು ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿಗೆ ಅಂತ ಮೀಸಲಿಟ್ಟ ದಾರಿಗೆ ‘ಖಾಲಿ ಐತಿ’ ಅಂತ ನುಗ್ಗೋರು, ಆ ದಾರಿ ದಾಟೋ ಪಾದಚಾರಿಗಳು... ಈ ಅಧ್ಯಾಯಗಳನ್ನ ಸಿಯಾಟಲ್‌ನವರು ಬರೆದುಕೊಡಲ್ಲ. ಮನೋಹರ ಗ್ರಂಥಮಾಲೆ 1933ರಿಂದ ಪುಸ್ತಕ ಹೊರಡಿಸ್ತಿರೋ ಊರು ಇದು, 1890ರಿಂದ ವಿದ್ಯಾವರ್ಧಕ ಸಂಘ ಇರೋ ಊರು. ಕಥೆ, ಕವಿತೆ, ವಿಮರ್ಶೆ ಎಲ್ಲ ಬರಲಿ. ಜೊತೆಗೆ ಎರಿ ಮಣ್ಣಿನ ಮೇಲೆ ಬೈಕ್ ಹೊಡೆಯೋದು ಹೇಗೆ ಅಂತ ನಲವತ್ತು ಪುಟದ ಒಂದು ಕನ್ನಡ ಪುಸ್ತಕ ಇಲ್ಲಿಂದಲೇ ಬಂದರೆ ಅದಕ್ಕೆ ಮುನ್ನುಡಿ ನಾನು ಪುಕ್ಕಟೆ ಬರೆದುಕೊಡ್ತೀನಿ.

ಇಂಗ್ಲೆಂಡಿನ ಪೊಲೀಸರದ್ದೂ ಒಂದು ಕೈಪಿಡಿ ಇದೆ, ‘ಮೋಟಾರ್‌ಸೈಕಲ್ ರೋಡ್‌ಕ್ರಾಫ್ಟ್’. ಅದರ ತಿರುಳು ಏನಂದ್ರೆ, ಮುಂದೆ ಖಾಲಿ ಅಂತ ಕಣ್ಣಿಗೆ ಕಾಣೋ ದೂರದೊಳಗೆ ನಿಲ್ಲೋಕಾಗೋ ವೇಗವೇ ನಿಮ್ಮ ವೇಗ. ನಮ್ಮ ಹಳೇ ಬೈಕಿನ ಹೆಡ್‌ಲೈಟು ಮೂವತ್ತು ಮೀಟರ್ ತೋರಿಸಿದ್ರೆ, ನಲವತ್ತು ಮೀಟರಿನಲ್ಲಿ ನಿಲ್ಲೋ ವೇಗದಲ್ಲಿ ಹೋಗೋದು ಕಣ್ಣು ಕಟ್ಟಿಕೊಂಡು ಹೋದ ಹಾಗೆ. ಅಲ್ಲಿನ ಪೊಲೀಸ್ ತರಬೇತಿಯಲ್ಲಿ ಇನ್ನೊಂದು ಅಭ್ಯಾಸ ಇದೆ, ಅದು ನನ್ನ ಉದ್ಯೋಗಕ್ಕೆ ಹತ್ತಿರದ್ದು: ಓಡಿಸ್ತಾ ಓಡಿಸ್ತಾ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗೋದು. ಲೈವ್ ಕಾಮೆಂಟರಿ! ‘ಎಡಕ್ಕೆ ಬಸ್ ನಿಂತಿದೆ, ಅದರ ಮುಂದಿನಿಂದ ಯಾರಾದರೂ ಇಳಿದು ಓಡಬಹುದು. ಬಲಕ್ಕೆ ಆಟೋ, ಅವನು ಕನ್ನಡಿ ನೋಡ್ತಿಲ್ಲ.’ ನಾಳೆ ಹತ್ತು ನಿಮಿಷ ಮಾಡಿ ನೋಡಿ. ಹೆಲ್ಮೆಟ್ ಒಳಗೆ ಯಾರಿಗೂ ಕೇಳಿಸಲ್ಲ. ಬಾಯಿ ಎಲ್ಲಿ ನಿಂತುಹೋಗತ್ತೋ ಅಲ್ಲಿ ನಿಮ್ಮ ಗಮನ ಬೇರೆಲ್ಲೋ ಹೋಗಿತ್ತು ಅಂತ ಅರ್ಥ.

ಪುಸ್ತಕ ಕೊಳ್ಳೋಕಾಗಲ್ಲ ಅನ್ನೋರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಒಂದು ಪುಸ್ತಕ ಆಗಲೇ ಇದೆ. ಗಾಡಿ ಜೊತೆ ಕೊಟ್ಟ ಕೈಪಿಡಿ. ಟೈರಿಗೆ ಗಾಳಿ ಎಷ್ಟು, ಹಿಂದೆ ಒಬ್ಬರು ಕೂತರೆ ಎಷ್ಟು, ಚೈನು ಎಷ್ಟು ಸಡಿಲ ಇರಬೇಕು, ಎಲ್ಲ ಅದರಲ್ಲಿದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ಜಾವಾ, ಯೆಜ್ಡಿ ತಯಾರಾಗ್ತಿದ್ದ ಕಾಲದಲ್ಲಿ ಅದನ್ನ ಪೂಜೆಗಿಟ್ಟ ಹಾಗೆ ಇಟ್ಟುಕೊಂಡ ಹಿರಿಯರಿದ್ದರು. ಈಗ ಅದು ಸೀಟಿನ ಕೆಳಗೆ ಒದ್ದೆಯಾಗಿ ಗೆದ್ದಲಿಗೆ ಹೋಗಿರತ್ತೆ. ಹಾಂ, ಇನ್ನೊಂದು. ರಾಬರ್ಟ್ ಪರ್ಸಿಗ್ ಅವರ 1974ರ ಪ್ರಸಿದ್ಧ ಪುಸ್ತಕ, ಝೆನ್ ಮತ್ತು ಮೋಟಾರ್‌ಸೈಕಲ್ ರಿಪೇರಿ ಅಂತ ಹೆಸರಿರೋದು, ಅದನ್ನ ತಂದು ‘ಇದರಲ್ಲಿ ಬ್ರೇಕ್ ಬಗ್ಗೆ ಏನೂ ಇಲ್ಲ’ ಅಂತ ನನಗೆ ಬೈಯಬೇಡಿ. ಅದು ತತ್ತ್ವಶಾಸ್ತ್ರ. ಆದರೆ ಸಿಟ್ಟು ಬಂದಾಗ ಸ್ಪ್ಯಾನರ್ ಕೆಳಗಿಡಬೇಕು ಅನ್ನೋ ಬುದ್ಧಿ ಅದರಲ್ಲಿ ಬೇಕಾದಷ್ಟಿದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಕೈಚಳಕ ಬಂದವನು ತಾನಾಗಿ ಸುರಕ್ಷಿತ ಆಗಲ್ಲ. ಎಷ್ಟೋ ಸಲ ಉಲ್ಟಾ ಆಗತ್ತೆ. ತಿರುವು ಹೊಡೆಯೋ ವಿದ್ಯೆ ಕಲಿತ ಹುಡುಗ ಆ ವಿದ್ಯೆ ತೋರಿಸೋಕೆ ಬೈಪಾಸಿಗೆ ಹೋಗ್ತಾನೆ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಏನು ಅಂತ ಈ ಜಿಲ್ಲೆಗೆ ಹೇಳಬೇಕಾಗಿಲ್ಲ. 2021ರ ಜನವರಿ 15, ಸಂಕ್ರಾಂತಿಯ ಮರುದಿನ, ಇಟ್ಟಿಗಟ್ಟಿ ಹತ್ತಿರ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹೆಣ್ಣುಮಕ್ಕಳು ಸೇರಿ ಹತ್ತಕ್ಕೂ ಹೆಚ್ಚು ಮಂದಿ ಒಂದೇ ಬೆಳಗ್ಗೆ ಹೋದರು. ಅವರು ಕೂತಿದ್ದದ್ದು ಟೆಂಪೋದಲ್ಲಿ, ಸುತ್ತ ಕಬ್ಬಿಣ ಇತ್ತು. ಬೈಕಿನವನ ಸುತ್ತ ಅಂಗಿ ಬಿಟ್ಟರೆ ಏನಿದೆ? ಅದಕ್ಕೇ ನಾನು ವಹಿಯ ಹಿಂದಿನ ಪುಟಗಳಿಗೆ ಇಷ್ಟು ಮಹತ್ವ ಕೊಡೋದು. ಬ್ರೇಕ್ ಹಿಡಿಯೋದನ್ನ ಕಲಿಯೋದು ಒಂದು, ‘ನಾನು ಯಾಕೆ ಅಷ್ಟು ಬ್ರೇಕ್ ಹಿಡಿಯೋ ಪರಿಸ್ಥಿತಿ ತಂದುಕೊಂಡೆ’ ಅಂತ ಕೇಳಿಕೊಳ್ಳೋದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದು ಬರೀ ಶೋಕಿ.

ಈಗ ಹೆಬ್ಬಳ್ಳಿಯಲ್ಲಿ ಏನಾಗಿದೆ ಅಂದ್ರೆ, ಆ ಹುಡುಗನ ವಹಿ ಇನ್ನೂ ನಾಲ್ಕೈದು ಜನರ ಕೈಗೆ ಹೋಗಿದೆ. ಭಾನುವಾರ ಹಾಲಿನ ಕೆಲಸ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಸೇರ್ತಾರೆ. ಸುಣ್ಣದಲ್ಲಿ ಒಂದು ಗೆರೆ. ನಲವತ್ತರ ವೇಗದಲ್ಲಿ ಬಂದು ಗೆರೆ ಮುಟ್ಟಿದ ಮೇಲೆಯೇ ಬ್ರೇಕ್ ಹಿಡೀಬೇಕು. ನಿಂತ ಜಾಗದವರೆಗೆ ಹೆಜ್ಜೆ ಎಣಿಸಿ ಬರಕೋತಾರೆ. ಮೊದಲು ಹಿಂದಿನ ಬ್ರೇಕ್ ಒಂದೇ, ಆಮೇಲೆ ಎರಡೂ. ಮೊದಲ ವಾರ ಮುಂದಿನ ಬ್ರೇಕ್ ಮುಟ್ಟೋಕೆ ಎಲ್ಲರಿಗೂ ಭಯ. ಈಗ ಹೆಜ್ಜೆ ಇಳೀತಾ ಬಂದಿದೆ. ಹೆಲ್ಮೆಟ್ ಇಲ್ಲದವನಿಗೆ ಗೆರೆ ಹತ್ತಿರ ಪ್ರವೇಶ ಇಲ್ಲ, ಅವನು ಹೆಜ್ಜೆ ಎಣಿಸಬೇಕು. ಹೋದ ವಾರ ಒಬ್ಬ ಐವತ್ತು ದಾಟಿದ ಮನುಷ್ಯ ತಮ್ಮ ಹಳೇ ಗಾಡಿ ತಂದು ಬದಿಗೆ ನಿಲ್ಲಿಸಿ ಬಹಳ ಹೊತ್ತು ನೋಡಿದರಂತೆ. ಕಡೆಗೆ, ‘ಮುಂದಿಂದು ಹಿಡದ್ರ ಖರೇನ ಮುಗ್ಗರಸೂದಿಲ್ಲೇನ್ಲೇ?’ ಅಂತ ಕೇಳಿ ಸಾಲಿನಲ್ಲಿ ನಿಂತರು. ಆ ಊರಿನ ಅರ್ಧ ಹುಡುಗರಿಗೆ ಬೈಕ್ ಕಲಿಸಿದ ಮಾಮ ಅವರೇ.